ಚಾರ್ಜ್‌ಶೀಟಿನಿಂದ ವಜಾ ಆದೇಶದವರೆಗೆ: ಕೋರ್ಟಿನಲ್ಲಿ ಬಿದ್ದುಹೋಗದಂತೆ ಆಂತರಿಕ ವಿಚಾರಣೆ ನಡೆಸುವ ಕ್ರಮ

ನೌಕರ ಸರಕು ಸಾಗಿಸಿದ್ದು ಸಿಸಿಟಿವಿಯಲ್ಲಿ ಕಾಣುತ್ತದೆ. ಗೇಟಿನಲ್ಲಿ ಸಿಕ್ಕಿಬಿದ್ದಿದ್ದಾನೆ, ನೋಡಿದವರೂ ಇದ್ದಾರೆ. ಆದರೂ ವರ್ಷಗಳ ನಂತರ ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ, ಹಿಂಬಾಕಿ ವೇತನವನ್ನೂ ಕೊಡಿ ಎಂದು ತೀರ್ಪು ಬರುತ್ತದೆ. ಆಡಳಿತ ವರ್ಗ ಆಗ ಕೋರ್ಟನ್ನು ಬೈಯುತ್ತದೆ. ಫೈಲು ತೆರೆದರೆ ಕಾರಣ ಬಹುಪಾಲು ಅಲ್ಲೇ ಕೂತಿರುತ್ತದೆ: ಶಿಕ್ಷೆ ಮೊದಲೇ ತೀರ್ಮಾನವಾಗಿದೆ, ವಿಚಾರಣೆ ಆಮೇಲೆ ಶಾಸ್ತ್ರಕ್ಕೆಂದು ನಡೆದಿದೆ.

ಯಾವ ಹಂತದ ಮಾತನ್ನು ಯಾವ ಕಾಗದದಲ್ಲಿ ಬರೆಯಬೇಕು, ಯಾವುದರಲ್ಲಿ ಬರೆಯಬಾರದು ಎಂಬುದೇ ಇಲ್ಲಿನ ಮುಖ್ಯ ಕೆಲಸ. ಕಾರ್ಖಾನೆ, ಗೋದಾಮು, ಶೋರೂಮ್, ಖಾಸಗಿ ಕಚೇರಿಗಳಲ್ಲಿ ಎಚ್‌ಆರ್ ಅಥವಾ ಆಡಳಿತ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯಲಾಗಿದೆ. ಸರ್ಕಾರಿ ನೌಕರರ ಇಲಾಖಾ ವಿಚಾರಣೆಗೆ ಪ್ರತ್ಯೇಕ ನಿಯಮಗಳಿರುವುದರಿಂದ ಅದು ಇಲ್ಲಿಲ್ಲ.

## ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದ್ದು

ಯಾವ ಕಾನೂನು ಅನ್ವಯ? 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆ ಮತ್ತು 1946ರ ಸ್ಥಾಯಿ ಆದೇಶಗಳ (ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳು) ಕಾಯ್ದೆಯ ಜಾಗದಲ್ಲಿ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಹಳೆಯ ಕಾಯ್ದೆಗಳ ಕಾಲದಲ್ಲಿ ಸುಪ್ರೀಂ ಕೋರ್ಟ್ ಕಟ್ಟಿಕೊಟ್ಟ ಸಹಜ ನ್ಯಾಯದ ತತ್ವಗಳು (ಅಹವಾಲು ಕೇಳದೆ ಶಿಕ್ಷಿಸಬಾರದು, ತೀರ್ಮಾನಿಸುವವರು ಪಕ್ಷಪಾತಿಯಾಗಿರಬಾರದು) ಮಾತ್ರ ಬದಲಾಗಿಲ್ಲ. ಸೆಕ್ಷನ್ ಸಂಖ್ಯೆ ಬದಲಾಗಿದೆ ಎಂದು ವಿಚಾರಣೆಯ ಕ್ರಮ ಸಡಿಲವಾಗಿದೆ ಎಂದುಕೊಳ್ಳಬೇಡಿ.

ಈ ನೌಕರ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕನೇ? ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕು. 'ಸೀನಿಯರ್ ಎಕ್ಸಿಕ್ಯುಟಿವ್' ಎಂಬ ಹೆಸರಿನಲ್ಲಿ ದಿನವಿಡೀ ಡೇಟಾ ಎಂಟ್ರಿ ಮಾಡುವವನು ಕಾರ್ಮಿಕನೇ. ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಮೇಲ್ವಿಚಾರಣೆ ಮಾಡುವವರ ವೇತನ ತಿಂಗಳಿಗೆ 18,000 ರೂಪಾಯಿ ದಾಟಿದ್ದರೆ ಅವರೂ ಹೊರಗೆ. ಅನುಮಾನವಿದ್ದರೆ ಕಾರ್ಮಿಕನೆಂದೇ ಭಾವಿಸಿ ಪೂರ್ತಿ ಕ್ರಮ ಪಾಲಿಸಿ. ನಷ್ಟವಾದರೆ ಕೆಲವು ವಾರಗಳಷ್ಟೇ.

ದುರ್ನಡತೆಯ ಪಟ್ಟಿ ಎಲ್ಲಿದೆ? ಹೊಸ ಸಂಹಿತೆಯಂತೆ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಸ್ಥಾಯಿ ಆದೇಶಗಳು ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ನೇಮಕಾತಿ ಪತ್ರ ಅಥವಾ ಸೇವಾ ನಿಯಮಗಳಲ್ಲಿ ಪಟ್ಟಿ ಇರಬೇಕು, ನೌಕರ ಅದನ್ನು ಪಡೆದ ಸಹಿಯೂ ಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ದುರ್ನಡತೆ ಎಂದು ಕರೆದು ಶಿಕ್ಷಿಸಲಾಗದು ಎಂದು ಗ್ಲ್ಯಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದಾದದ್ದು 1983ರ ತೀರ್ಪಿನಲ್ಲಿ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ 1961ರ ಕಾಯ್ದೆಯ ಸೆಕ್ಷನ್ 39ನ್ನೂ ನೋಡಿಕೊಳ್ಳಿ. ಆರು ತಿಂಗಳ ಸೇವೆ ಮುಗಿಸಿದ ನೌಕರನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನವಿಲ್ಲದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಾಗಿ ದುರ್ನಡತೆ ಕಂಡುಬಂದರೆ ಮಾತ್ರ ಆ ನೋಟಿಸ್ ಬೇಕಿಲ್ಲ.

ಇವುಗಳ ಜೊತೆ ನೌಕರನ ಸೇವಾ ಫೈಲು, ಅವನು ಕೊನೆಯದಾಗಿ ಬರಹದಲ್ಲಿ ಕೊಟ್ಟ ವಿಳಾಸ, ರವಾನೆ ಪುಸ್ತಕ, ಮತ್ತು ಬೇರೆ ಬೇರೆ ಮೂವರು ಬೇಕು: ಆರೋಪಪಟ್ಟಿಗೆ (ಚಾರ್ಜ್‌ಶೀಟಿಗೆ) ಸಹಿ ಹಾಕಿ ಕೊನೆಗೆ ಶಿಕ್ಷೆ ನಿರ್ಧರಿಸುವ ಶಿಸ್ತು ಪ್ರಾಧಿಕಾರಿ, ವಿಚಾರಣಾಧಿಕಾರಿ, ಆಡಳಿತದ ಪರ ಮಂಡನಾಧಿಕಾರಿ. ಸಣ್ಣ ಸಂಸ್ಥೆಗಳಲ್ಲಿ ಮಾಲೀಕರೇ ಈ ಮೂರೂ ಆಗಿಬಿಡುತ್ತಾರೆ. ಅಂಥ ವಿಚಾರಣೆ ಮೊದಲ ದಿನವೇ ಸತ್ತಂತೆ.

## ಹಂತ 1: ಸಮಸ್ಯೆಯ ಜಾತಿ ಗುರುತಿಸಿ

ಶಿಸ್ತು ಕ್ರಮ ದುರ್ನಡತೆಗೆ ಮಾತ್ರ. ಎಲ್ಲ ಕಿರಿಕಿರಿಯೂ ದುರ್ನಡತೆಯಲ್ಲ.

ಕೆಲಸ ಬರುವುದಿಲ್ಲ, ಗುರಿ ಮುಟ್ಟುವುದಿಲ್ಲ ಎಂಬುದು ಅಸಾಮರ್ಥ್ಯ. ಅದಕ್ಕೆ ಬೇಕಾದದ್ದು ಅಳೆಯಬಹುದಾದ ಗುರಿ, ತರಬೇತಿ, ಎರಡು ಮೂರು ಬಾರಿ ಲಿಖಿತ ಪರಾಮರ್ಶೆ. ಅದಾದ ಮೇಲೂ ಬಿಡುಗಡೆ ಮಾಡಲೇಬೇಕಾದರೆ ಒಂದು ವಿಷಯ ಮರೆಯಬೇಡಿ. 240 ದಿನ ಕೆಲಸ ಮಾಡಿ ಒಂದು ವರ್ಷದ ನಿರಂತರ ಸೇವೆ ಮುಗಿಸಿದ ಕಾರ್ಮಿಕನನ್ನು ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ತೆಗೆದರೆ ಅದು ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ರಿಟ್ರೆಂಚ್‌ಮೆಂಟ್ (ಕೆಲಸದಿಂದ ಕಡಿತ) ಆಗುತ್ತದೆ. ಆಗ ಒಂದು ತಿಂಗಳ ನೋಟಿಸ್ ಅಥವಾ ವೇತನ ಕೊಡಬೇಕು, ಮುಗಿಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವನ್ನೂ ಕೊಡಬೇಕು. ಅಸಾಮರ್ಥ್ಯಕ್ಕೆ 'ಕರ್ತವ್ಯಲೋಪ' ಎಂಬ ಬಟ್ಟೆ ತೊಡಿಸಿ ಈ ಹಣ ಉಳಿಸಲು ಹೋದವರು ಅದರ ಹಲವು ಪಟ್ಟು ತೆತ್ತಿದ್ದಾರೆ.

ಲೈಂಗಿಕ ಕಿರುಕುಳದ ದೂರು ಬಂದರೆ ಇಲ್ಲೇ ನಿಲ್ಲಿ. ಅದು 2013ರ ಕಾಯ್ದೆಯಡಿಯ ಆಂತರಿಕ ಸಮಿತಿಗೆ ಹೋಗಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಈ ಸಮಿತಿ ಇರಲೇಬೇಕು. ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, 10 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 60 ದಿನಗಳಲ್ಲಿ ನೀವು ಕ್ರಮ ಕೈಗೊಳ್ಳಬೇಕು. 'ಮಾತಾಡಿ ಸರಿಮಾಡೋಣ' ಎಂದು ಎಚ್‌ಆರ್ ತಾನೇ ಪಂಚಾಯಿತಿ ಮಾಡುವುದು ಇಲ್ಲಿ ಆಗುವ ಅತಿ ದೊಡ್ಡ ತಪ್ಪು. ರಾಜಿಯ ಪ್ರಸ್ತಾಪ ದೂರುದಾರೆಯಿಂದಲೇ ಬರಬೇಕು, ಅದರಲ್ಲಿ ಹಣದ ಮಾತು ಇರಕೂಡದು.

## ಹಂತ 2: ಮೊದಲ 48 ಗಂಟೆ, ಪ್ರಾಥಮಿಕ ತನಿಖೆ

ಸಿಸಿಟಿವಿ ರೆಕಾರ್ಡಿಂಗ್ ಕೆಲವು ವಾರಗಳಲ್ಲಿ ತನ್ನಷ್ಟಕ್ಕೆ ಅಳಿಸಿಹೋಗುತ್ತದೆ. ಆದ್ದರಿಂದ ಅದೇ ಮೊದಲ ಕೆಲಸ. ಬೇಕಾದ ತುಣುಕನ್ನಷ್ಟೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಡಿ. ಘಟನೆಯ ಮುಂಚಿನ ಮತ್ತು ನಂತರದ ಅರ್ಧ ಗಂಟೆ ಸೇರಿಸಿ ಮೂಲ ಫೈಲನ್ನೇ ತೆಗೆಸಿ. ಯಾರು, ಯಾವಾಗ, ಯಾವ ಯಂತ್ರದಿಂದ ತೆಗೆದರು ಎಂದು ಬರೆಸಿ ಸಹಿ ಹಾಕಿಸಿ. ಮುಂದೆ ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೇಳಿದಾಗ ಈ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ.

ವಸ್ತು ಸಿಕ್ಕಿದ್ದರೆ ಇಬ್ಬರು ಸಾಕ್ಷಿಗಳ ಎದುರು ಮಹಜರು ಬರೆದು, ತೂಕ, ಸಂಖ್ಯೆ, ಗುರುತು ನಮೂದಿಸಿ ಸೀಲ್ ಮಾಡಿ. ನೋಡಿದವರ ಹೇಳಿಕೆಯನ್ನು ಅವರ ಕೈಬರಹದಲ್ಲಿ, ಅವರದೇ ಮಾತಿನಲ್ಲಿ ಅದೇ ದಿನ ಬರೆಸಿ. ಐದು ಜನರ ಹೇಳಿಕೆ ಒಂದೇ ಪಡಿಯಚ್ಚಿನಂತಿದ್ದರೆ ಐದೂ ವ್ಯರ್ಥ.

ನೌಕರನನ್ನು ಸೆಕ್ಯುರಿಟಿ ಕೋಣೆಯಲ್ಲಿ ಗಂಟೆಗಟ್ಟಲೆ ಕೂರಿಸಿ ತಪ್ಪೊಪ್ಪಿಗೆ ಅಥವಾ ರಾಜೀನಾಮೆ ಬರೆಸಿಕೊಳ್ಳುವ ಅಭ್ಯಾಸವನ್ನು ಬಿಡಿ. ಅದು ಸಾಕ್ಷ್ಯವಾಗುವ ಬದಲು ನಿಮ್ಮ ಮೇಲೇ ಅಕ್ರಮ ಬಂಧನದ ದೂರಾಗಿ ತಿರುಗಬಹುದು.

## ಹಂತ 3: ಅಮಾನತು ಬೇಕೇ?

ಮೂರು ಸಂದರ್ಭಗಳಲ್ಲಿ ಬೇಕು: ನೌಕರ ಒಳಗಿದ್ದರೆ ಸಾಕ್ಷ್ಯ ಹಾಳಾಗಬಹುದು, ಸಾಕ್ಷಿಗಳು ಹೆದರಬಹುದು, ಅಥವಾ ಹೊಡೆದಾಟ ಮರುಕಳಿಸಬಹುದು. ತಡವಾಗಿ ಬಂದದ್ದಕ್ಕೆ, ಎದುರು ಮಾತಾಡಿದ್ದಕ್ಕೆ ಅಮಾನತು ಮಾಡಿದರೆ ಸಿಟ್ಟು ತೀರುತ್ತದೆ, ಖರ್ಚು ಬೆಳೆಯುತ್ತದೆ.

ಆದೇಶದಲ್ಲಿ 'ವಿಚಾರಣೆಯನ್ನು ಕಾಯ್ದಿರಿಸಿ', ಅಂದರೆ ವಿಚಾರಣೆ ಇನ್ನೂ ಬಾಕಿಯಿದೆ, ಎಂಬ ಮಾತು ಇರಲೇಬೇಕು. ಇಲ್ಲವಾದರೆ ಅಮಾನತೇ ಶಿಕ್ಷೆಯಂತೆ ಓದಿಸಿಕೊಳ್ಳುತ್ತದೆ.

ಅಮಾನತಿನ ಅವಧಿಯಲ್ಲಿ ನೌಕರನಿಗೆ ಕೊಡಬೇಕಾದ ಜೀವನಾಧಾರ ಭತ್ಯೆ ಮೊದಲ 90 ದಿನ ವೇತನದ ಶೇ 50. ನಂತರ, ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಶೇ 75. ಅಮಾನತಿನ ದಿನದಿಂದ 90 ದಿನಗಳೊಳಗೆ ಸಾಮಾನ್ಯವಾಗಿ ತನಿಖೆ, ವಿಚಾರಣೆ ಎರಡೂ ಮುಗಿಯಬೇಕೆಂದು ಸಂಹಿತೆಯ ಸೆಕ್ಷನ್ 38 ಹೇಳುತ್ತದೆ. ಕರ್ನಾಟಕದಲ್ಲಿ ಭತ್ಯೆಗೆಂದೇ 1988ರ ಪ್ರತ್ಯೇಕ ರಾಜ್ಯ ಕಾಯ್ದೆ ಇದೆ; ದರ ಲೆಕ್ಕ ಹಾಕುವಾಗ ಅದನ್ನೂ ತೆರೆದು ನೋಡಿ.

ಭತ್ಯೆಯನ್ನು ಸಂಬಳದ ದಿನವೇ ಬ್ಯಾಂಕಿಗೆ ಹಾಕಿ. ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣ ಇಲ್ಲಿ ನೆನಪಿಡುವಂಥದ್ದು. ಭತ್ಯೆ ಸಿಗದೆ ಅವರು ವಿಚಾರಣೆಗೆ ಹೋಗಲಾಗಲಿಲ್ಲ, ವಿಚಾರಣೆ ಏಕಪಕ್ಷೀಯವಾಗಿ ಮುಗಿದು ಕೆಲಸ ಹೋಯಿತು. 1999ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ವಿರುದ್ಧ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನೇ ಒಪ್ಪಲಿಲ್ಲ. ಭತ್ಯೆ ತಡೆಹಿಡಿದು ನೌಕರನನ್ನು ಬಗ್ಗಿಸುತ್ತೇವೆ ಎನ್ನುವವರು ತಮ್ಮ ವಿಚಾರಣೆಯ ಬುಡವನ್ನೇ ಕಡಿಯುತ್ತಿರುತ್ತಾರೆ. ದಿನವೂ ಗೇಟಿಗೆ ಬಂದು ಸಹಿ ಹಾಕಿದರಷ್ಟೇ ಭತ್ಯೆ ಎಂಬ ಷರತ್ತೂ ಬೇಡ. ಬೇರೆಡೆ ದುಡಿಯುತ್ತಿಲ್ಲ ಎಂಬ ಲಿಖಿತ ಘೋಷಣೆ ಕೇಳಿದರೆ ಸಾಕು.

ಅದೇ ಪ್ರಕರಣದಿಂದ ಇನ್ನೊಂದು ಅಂಶವೂ ತಿಳಿಯುತ್ತದೆ. ಪೊಲೀಸ್ ಕೇಸು ಇದ್ದಮಾತ್ರಕ್ಕೆ ಆಂತರಿಕ ವಿಚಾರಣೆ ನಿಲ್ಲಿಸಬೇಕಿಲ್ಲ. ಆರೋಪ, ಸಾಕ್ಷ್ಯ ಎರಡೂ ಒಂದೇ ಆಗಿ, ಆರೋಪ ಗಂಭೀರವಾಗಿದ್ದು, ಕಾನೂನಿನ ಜಟಿಲ ಪ್ರಶ್ನೆಗಳಿದ್ದರೆ ಮಾತ್ರ ತಡೆಯುವ ಮಾತು ಬರುತ್ತದೆ. ಇಲ್ಲಿ ಬೇಕಾದ ರುಜುವಾತು ಸಂಭವನೀಯತೆಯ ಮಟ್ಟದ್ದು. ಕ್ರಿಮಿನಲ್ ಕೋರ್ಟಿನಲ್ಲಿ ಬೇಕಾಗುವಷ್ಟು ಕಟ್ಟುನಿಟ್ಟಿನದಲ್ಲ.

## ಹಂತ 4: ಆರೋಪಪಟ್ಟಿ ಬರೆಯುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಆರೋಪಪಟ್ಟಿಯಲ್ಲಿ ಇಲ್ಲದ್ದನ್ನು ಮುಂದೆ ಯಾವ ಸಾಕ್ಷಿಯಿಂದಲೂ ಸಾಬೀತುಪಡಿಸಲಾಗದು.

ಸಾಮಾನ್ಯವಾಗಿ ಕಾಣುವ ಆರೋಪಪಟ್ಟಿ ಹೀಗಿರುತ್ತದೆ: 'ನೀವು ಆಗಾಗ ಮೇಲಧಿಕಾರಿಗಳೊಂದಿಗೆ ಅನುಚಿತವಾಗಿ ವರ್ತಿಸುತ್ತಿದ್ದೀರಿ. ನಿಮ್ಮ ವರ್ತನೆ ಸಂಸ್ಥೆಗೆ ಕಳಂಕ ತಂದಿದೆ. ನಿಮ್ಮನ್ನು ಏಕೆ ವಜಾ ಮಾಡಬಾರದು ಎಂದು 24 ಗಂಟೆಯೊಳಗೆ ತಿಳಿಸಿ.' ಮೂರು ವಾಕ್ಯ, ನಾಲ್ಕು ದೋಷ. 'ಆಗಾಗ' ಎಂದರೆ ಯಾವಾಗ? 'ಅನುಚಿತ' ಎಂದರೆ ಏನೆಂದರು, ಏನು ಮಾಡಿದರು? 'ಕಳಂಕ ತಂದಿದೆ' ಎಂದಮೇಲೆ ತೀರ್ಮಾನ ಆಗಿಹೋಯಿತು. ವಜಾದ ಮಾತು ಮೊದಲ ಕಾಗದದಲ್ಲೇ ಬಂತು. 24 ಗಂಟೆ ಸಾಲದು ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಐದು.

ಅದನ್ನೇ ಸರಿಯಾಗಿ ಬರೆದರೆ ಹೀಗೆ: '12-3-2026ರಂದು ಎರಡನೇ ಪಾಳಿಯಲ್ಲಿ ರಾತ್ರಿ ಸುಮಾರು 9.40ಕ್ಕೆ ಪ್ರೆಸ್ ಶಾಪಿನ 4ನೇ ಯಂತ್ರದ ಬಳಿ, ಉತ್ಪಾದನಾ ಮೇಲ್ವಿಚಾರಕರು ಯಂತ್ರ ಚಾಲೂ ಮಾಡಲು ಹೇಳಿದಾಗ ನೀವು ನಿರಾಕರಿಸಿ, ಅವರ ಅಂಗಿಯ ಕಾಲರ್ ಹಿಡಿದು ತಳ್ಳಿದಿರಿ ಎಂದು ವರದಿಯಾಗಿದೆ. ಸದರಿ ಕೃತ್ಯಗಳು ಸಾಬೀತಾದಲ್ಲಿ ಸ್ಥಾಯಿ ಆದೇಶದ ಇಂತಿಂಥ ಉಪಖಂಡಗಳಡಿ ದುರ್ನಡತೆಯಾಗುತ್ತವೆ.' ದಿನ, ಹೊತ್ತು, ಜಾಗ, ಕೃತ್ಯ, ಖಂಡ ಎಲ್ಲವೂ ಇವೆ. 'ವರದಿಯಾಗಿದೆ', 'ಸಾಬೀತಾದಲ್ಲಿ' ಎಂಬ ಎರಡು ಪದ ಮನಸ್ಸು ಇನ್ನೂ ತೆರೆದಿದೆ ಎಂದು ತೋರಿಸುತ್ತವೆ. ಬೈಗುಳದ ಆರೋಪವಿದ್ದರೆ ಬೈದ ಮಾತನ್ನೇ, ಎಷ್ಟೇ ಹೊಲಸಾಗಿದ್ದರೂ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. 'ಅವಾಚ್ಯ ಶಬ್ದಗಳಿಂದ ನಿಂದಿಸಿದಿರಿ' ಎಂದರೆ ಸಾಲದು. ಮಾತು ಎಷ್ಟು ಘೋರ ಎಂದು ತೂಗಬೇಕಾದವರಿಗೆ ಆ ಮಾತೇ ಬೇಕು.

ಬರೆಯುವಾಗ ಇವನ್ನೂ ನೋಡಿಕೊಳ್ಳಿ:

- ಒಂದು ಆರೋಪಕ್ಕೆ ಒಂದು ಪ್ಯಾರಾ. ಮೇಲಿನ ಮಾದರಿಯನ್ನೂ ಹೀಗೆ ಒಡೆದು ಬರೆಯಿರಿ: ನಿರಾಕರಣೆ ಒಂದು, ಕಾಲರ್ ಹಿಡಿದದ್ದು ಇನ್ನೊಂದು. ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ.
- ನೆಚ್ಚಿಕೊಳ್ಳುವ ದಾಖಲೆಗಳ ಪ್ರತಿ ಮತ್ತು ಸಾಕ್ಷಿಗಳ ಪಟ್ಟಿಯನ್ನು ಜೊತೆಗೇ ಕೊಡಿ. ಪ್ರತಿ ಕೊಡಲಾಗದಷ್ಟು ದೊಡ್ಡ ರಿಜಿಸ್ಟರ್ ಆಗಿದ್ದರೆ ನೋಡಲು ದಿನ ನಿಗದಿ ಮಾಡಿ.
- ನೌಕರನಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿ ಬರೆದು ಕನ್ನಡ ಮಾತ್ರ ಬಲ್ಲವನಿಗೆ ಕೊಟ್ಟರೆ ಕೊಡದಂತೆಯೇ.
- ಹಳೆಯ ಶಿಕ್ಷೆಗಳನ್ನು ಮುಂದೆ ಲೆಕ್ಕಕ್ಕೆ ಹಿಡಿಯುವುದಾದರೆ ಅದನ್ನು ಮೊದಲೇ ನೌಕರನಿಗೆ ತಿಳಿಸಬೇಕು. ಮೈಸೂರು ರಾಜ್ಯ ವಿರುದ್ಧ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.
- ಉತ್ತರಕ್ಕೆ ಸ್ಥಾಯಿ ಆದೇಶದಲ್ಲಿರುವಷ್ಟು ದಿನ ಕೊಡಿ. ಅಲ್ಲಿಲ್ಲದಿದ್ದರೆ ಏಳು ದಿನ ಯಾರೂ ತಕರಾರು ತೆಗೆಯದ ಅವಧಿ.
- ಸಹಿ ಹಾಕುವವರಿಗೆ ಆ ಅಧಿಕಾರವಿದೆಯೇ ನೋಡಿ. ಘಟನೆಯಲ್ಲಿ ಪೆಟ್ಟು ತಿಂದ ಮ್ಯಾನೇಜರೇ ಸಹಿ ಹಾಕಬಾರದು.

## ಹಂತ 5: ತಲುಪಿಸುವುದು

ಮೊದಲು ಕೈಗೆ ಕೊಟ್ಟು ನೋಡಿ. ತೆಗೆದುಕೊಳ್ಳದಿದ್ದರೆ ಅಲ್ಲೇ, ಆಗಲೇ 'ಓದಿ ತಿಳಿಸಲಾಯಿತು, ಸ್ವೀಕರಿಸಲು ನಿರಾಕರಿಸಿದರು' ಎಂದು ಷರಾ ಬರೆದು ಇಬ್ಬರು ಸಾಕ್ಷಿಗಳ ಸಹಿ, ಹೊತ್ತು ಹಾಕಿಸಿ. ಅದೇ ದಿನ ಅಂಚೆಯಲ್ಲೂ ಕಳುಹಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವುದರಿಂದ ನೋಂದಣಿ ಮತ್ತು ತಲುಪಿದ ಪುರಾವೆ ಎರಡನ್ನೂ ಕೇಳಿ ಪಡೆಯಿರಿ.

ಲಕೋಟೆ ವಾಪಸ್ ಬಂದರೆ ಷರಾ ಓದಿ. 'ನಿರಾಕರಿಸಿದರು' ಎಂದಿದ್ದರೆ ತಲುಪಿದಂತೆಯೇ. 'ಮನೆ ಬೀಗ', 'ವಿಳಾಸದಲ್ಲಿಲ್ಲ' ಎಂದಿದ್ದರೆ ತಲುಪಿಲ್ಲ ಎಂದೇ ತಿಳಿದು ಖಾಯಂ ವಿಳಾಸಕ್ಕೆ ಮತ್ತೆ ಕಳುಹಿಸಿ, ನೋಟಿಸ್ ಬೋರ್ಡಿಗೆ ಹಾಕಿ, ಕೊನೆಗೆ ಆ ಊರಿನಲ್ಲಿ ಓದುವ ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ. ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ. ಮುಚ್ಚಿದಂತೆಯೇ ಫೈಲಿನಲ್ಲಿಡಿ, ಅದೇ ನಿಮ್ಮ ಪುರಾವೆ. ವಾಟ್ಸ್ಆ್ಯಪ್, ಇಮೇಲ್ ಇವುಗಳ ಜೊತೆಗಿರಲಿ, ಬದಲಿಗಲ್ಲ.

## ಹಂತ 6: ಉತ್ತರ ಬಂದ ಮೇಲೆ

ಉತ್ತರವನ್ನು ನಿಜಕ್ಕೂ ಓದಿ. ಸಮಾಧಾನವಾದರೆ ಎಚ್ಚರಿಕೆ ಕೊಟ್ಟು ಮುಗಿಸಿ. 'ತಪ್ಪಾಗಿದೆ, ಕ್ಷಮಿಸಿ' ಎಂದು ಬರೆದದ್ದನ್ನು ಪೂರ್ಣ ತಪ್ಪೊಪ್ಪಿಗೆ ಎಂದು ಹಿಡಿದು ವಿಚಾರಣೆ ಬಿಟ್ಟುಬಿಡುವುದು ಪದೇ ಪದೇ ಆಗುವ ಎಡವಟ್ಟು. ಯಾವ ಆರೋಪವನ್ನು ಒಪ್ಪಿದ್ದಾನೆ, ಷರತ್ತಿಲ್ಲದೆ ಒಪ್ಪಿದ್ದಾನೆಯೇ ಎಂಬುದು ಸ್ಪಷ್ಟವಿಲ್ಲದಿದ್ದರೆ ವಿಚಾರಣೆ ನಡೆಸಿ.

ವಿಚಾರಣಾಧಿಕಾರಿಯಾಗಿ ದೂರುದಾರ, ಸಾಕ್ಷಿ, ಪ್ರಾಥಮಿಕ ತನಿಖೆ ಮಾಡಿದವರು, ದೂರುದಾರನ ಕೈಕೆಳಗಿನವರು ಯಾರೂ ಇರಬಾರದು. ಹೊರಗಿನ ವಕೀಲರನ್ನು ನೇಮಿಸಬಹುದು. ಆದರೆ ಮಂಡನಾಧಿಕಾರಿಯಾಗಿ ಕಾನೂನು ಕಲಿತವರನ್ನು ಕೂರಿಸಿದರೆ ನೌಕರ ವಕೀಲರನ್ನು ಕೇಳಿದಾಗ ಇಲ್ಲವೆನ್ನಲಾಗದು. ಬಾಂಬೆ ಪೋರ್ಟ್ ಟ್ರಸ್ಟ್ ಪ್ರಕರಣದಲ್ಲಿ 1983ರಷ್ಟು ಹಿಂದೆಯೇ ಇದು ಇತ್ಯರ್ಥವಾಗಿದೆ.

## ಹಂತ 7: ವಿಚಾರಣೆಯ ಕೋಣೆಯೊಳಗೆ

ಮೊದಲ ದಿನ ವಿಚಾರಣಾಧಿಕಾರಿ ಆರೋಪಗಳನ್ನು ಓದಿ, ಕನ್ನಡದಲ್ಲಿ ವಿವರಿಸಿ, ಒಪ್ಪುತ್ತೀರಾ ಎಂದು ಕೇಳಬೇಕು. ವಿಚಾರಣೆಯ ಕ್ರಮವನ್ನು ತಿಳಿಸಬೇಕು. ಸ್ಥಾಯಿ ಆದೇಶದಲ್ಲಿ ಅವಕಾಶವಿದ್ದರೆ ಸಹ ನೌಕರನ ನೆರವು ಪಡೆಯಬಹುದು ಎಂದು ಹೇಳಬೇಕು. ಇದಿಷ್ಟನ್ನೂ ನಡಾವಳಿಯಲ್ಲಿ ಬರೆಯಬೇಕು.

ಆಮೇಲಿನ ಕ್ರಮ ಎಂದೂ ತಲೆಕೆಳಗಾಗಬಾರದು:

1. ಆಡಳಿತದ ಸಾಕ್ಷಿ ಬಂದು ತಾನು ನೋಡಿದ್ದನ್ನು ನೌಕರನ ಎದುರಿಗೇ ಹೇಳುತ್ತಾನೆ. ದಾಖಲೆಗಳಿಗೆ ಎಂ-1, ಎಂ-2 ಎಂದು ಗುರುತು ಹಾಕಲಾಗುತ್ತದೆ.
2. ನೌಕರ ಅಥವಾ ಅವನ ಸಹಾಯಕ ಪಾಟಿ ಸವಾಲು ಹಾಕುತ್ತಾನೆ. ಪ್ರಶ್ನೆ ಇಲ್ಲವೆಂದರೆ 'ಅವಕಾಶ ನೀಡಲಾಯಿತು, ಪ್ರಶ್ನೆಗಳಿಲ್ಲ ಎಂದರು' ಎಂದು ಬರೆಯಬೇಕು.
3. ಆಡಳಿತದ ಎಲ್ಲ ಸಾಕ್ಷಿಗಳು ಮುಗಿದ ಮೇಲೆ ನೌಕರನ ಹೇಳಿಕೆ, ಅವನ ಸಾಕ್ಷಿಗಳು, ಅವನ ದಾಖಲೆಗಳು. ಇವಕ್ಕೆ ಮಂಡನಾಧಿಕಾರಿಯ ಪಾಟಿ ಸವಾಲು.
4. ಎರಡೂ ಕಡೆಯ ಲಿಖಿತ ವಾದ, ಕೇಳಿದರೆ.

ನೌಕರನನ್ನೇ ಮೊದಲು ಕೂರಿಸಿ 'ಹೇಳಪ್ಪ, ಯಾಕೆ ಹೀಗೆ ಮಾಡಿದೆ?' ಎಂದು ಶುರುಮಾಡುವ ವಿಚಾರಣೆಗಳು ಇನ್ನೂ ನಡೆಯುತ್ತಿವೆ. ಆರೋಪ ಸಾಬೀತುಪಡಿಸುವ ಹೊಣೆ ಆಡಳಿತದ್ದು. ಅವನ ಬಾಯಿಂದಲೇ ಅದನ್ನು ಹೊರಡಿಸಲು ಹೊರಟರೆ ಅಲ್ಲಿಗೆ ವಿಚಾರಣೆ ಮುಗಿದಂತೆ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದಿಲ್ಲ. ಪ್ರಾಥಮಿಕ ತನಿಖೆಯಲ್ಲಿ ಬರೆಸಿದ ಹೇಳಿಕೆಯನ್ನು ಫೈಲಿಗೆ ಸೇರಿಸಿ, ಬರೆದ ವ್ಯಕ್ತಿಯನ್ನು ಕರೆಸದೆ, ಅದನ್ನೇ ಸಾಕ್ಷ್ಯವೆಂದು ನಂಬಿಬಿಡುತ್ತಾರೆ. ಪಾಟಿ ಸವಾಲಿಗೆ ಸಿಗದವನ ಹೇಳಿಕೆ ಬರೀ ಕಾಗದ. ಸಾಕ್ಷಿ ಊರು ಬಿಟ್ಟಿದ್ದರೆ ಬೇರೆ ಸಾಕ್ಷಿ ಹುಡುಕಿ.

ವಿಚಾರಣಾಧಿಕಾರಿ ಸಂದೇಹ ನಿವಾರಣೆಗೆ ಒಂದೆರಡು ಪ್ರಶ್ನೆ ಕೇಳಬಹುದು. ಅವರೇ ನೌಕರನನ್ನು ಹಿಂಡಲು ಶುರುಮಾಡಿದರೆ ನ್ಯಾಯಾಧೀಶರು ಹೋಗಿ ಸರ್ಕಾರಿ ವಕೀಲರಾದಂತೆ. ನಡಾವಳಿಯ ಪ್ರತಿ ಪುಟಕ್ಕೂ ಹಾಜರಿದ್ದ ಎಲ್ಲರ ಸಹಿ ಬೇಕು. ಅದರ ಪ್ರತಿಯನ್ನು ನೌಕರನಿಗೆ ಅದೇ ದಿನ ಕೊಟ್ಟು ಸಹಿ ಪಡೆಯಿರಿ. ಪಾಟಿ ಸವಾಲನ್ನು ಪ್ರಶ್ನೆ ಉತ್ತರದ ರೂಪದಲ್ಲೇ ಬರೆಯಿರಿ. ಸಾರಾಂಶ ಬರೆದರೆ ಯಾರೋ ತಿರುಚಿದರು ಎಂಬ ಮಾತು ಬರುತ್ತದೆ.

ನೌಕರ ಬಾರದಿದ್ದರೆ. ಕಾರಣ ಹೇಳಿ ಮುಂದೂಡಲು ಕೇಳಿದರೆ ಒಂದೆರಡು ಬಾರಿ ಕೊಡಿ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಖಂಡಿತ ಕೊಡಿ. ನೋಟಿಸ್ ತಲುಪಿಯೂ ಬಾರದಿದ್ದರೆ ಮುಂದಿನ ದಿನಾಂಕವನ್ನು ಬರಹದಲ್ಲಿ ತಿಳಿಸಿ, 'ಬಾರದಿದ್ದಲ್ಲಿ ಏಕಪಕ್ಷೀಯವಾಗಿ ನಡೆಸಲಾಗುವುದು' ಎಂದು ಎಚ್ಚರಿಸಿ. ಏಕಪಕ್ಷೀಯ ಎಂದರೆ ಆರೋಪ ತಾನಾಗಿ ಸಾಬೀತಾಯಿತು ಎಂದಲ್ಲ. ಖಾಲಿ ಕುರ್ಚಿಯ ಎದುರೂ ಸಾಕ್ಷಿಗಳನ್ನು ಕೂರಿಸಿ ಹೇಳಿಕೆ ದಾಖಲಿಸಬೇಕು. ನಡುವೆ ನೌಕರ ಬಂದರೆ ಆ ಹಂತದಿಂದ ಸೇರಿಸಿಕೊಳ್ಳಬೇಕು.

## ಹಂತ 8: ವರದಿ, ಮತ್ತು ಅದರ ಪ್ರತಿ

ವರದಿ ಪ್ರತಿ ಆರೋಪಕ್ಕೂ ಬೇರೆ ಬೇರೆಯಾಗಿ ಸಾಬೀತಾಗಿದೆ, ಇಲ್ಲ ಎಂದು ಹೇಳಬೇಕು. ಯಾವ ಸಾಕ್ಷಿಯ ಯಾವ ಮಾತನ್ನು ನಂಬಿದ್ದೇವೆ, ನೌಕರನ ಯಾವ ಸಮಜಾಯಿಷಿಯನ್ನು ಏಕೆ ಒಪ್ಪಲಿಲ್ಲ ಎಂದು ಬರೆಯಬೇಕು. ಶಿಕ್ಷೆಯ ಸಲಹೆ ಇರಬಾರದು. ಅದು ವಿಚಾರಣಾಧಿಕಾರಿಯ ಕೆಲಸವಲ್ಲ.

ಶಿಸ್ತು ಪ್ರಾಧಿಕಾರಿ ವರದಿ ಓದಿ ತೀರ್ಮಾನಕ್ಕೆ ಬರುವ ಮೊದಲು ಅದರ ಪ್ರತಿಯನ್ನು ನೌಕರನಿಗೆ ಕೊಟ್ಟು ಅಭಿಪ್ರಾಯ ಕೇಳಲೇಬೇಕು. 1993ರಲ್ಲಿ ಇಸಿಐಎಲ್ ವಿರುದ್ಧ ಕರುಣಾಕರ್ ಪ್ರಕರಣದಲ್ಲಿ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿತು. ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯ. ವರದಿ ಬಂದ ದಿನವೇ ವಜಾ ಆದೇಶ ಹೊರಟಿದ್ದರೆ ಈ ಹಂತ ತಪ್ಪಿದೆ ಎಂದೇ ಅರ್ಥ. ಸಾಬೀತಾಗಿಲ್ಲ ಎಂಬ ವರದಿಯನ್ನು ಪ್ರಾಧಿಕಾರಿ ಒಪ್ಪದಿದ್ದರೆ, ಒಪ್ಪದಿರಲು ತಾತ್ಕಾಲಿಕ ಕಾರಣಗಳನ್ನು ಬರೆದು ಅದಕ್ಕೂ ಉತ್ತರ ಕೇಳಬೇಕು.

## ಹಂತ 9: ಶಿಕ್ಷೆ ಮತ್ತು ಆದೇಶ

ಈಗ, ಈಗ ಮಾತ್ರ, ಶಿಕ್ಷೆಯ ಯೋಚನೆ. ಸಂಹಿತೆಯ ಸೆಕ್ಷನ್ 50 ನ್ಯಾಯಮಂಡಳಿಗೆ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಕೊಟ್ಟಿದೆ. 1947ರ ಕಾಯ್ದೆಯ ಹಳೆಯ ಸೆಕ್ಷನ್ 11ಎ ಇದೇ. ಆದ್ದರಿಂದ ಸಣ್ಣ ಶಿಕ್ಷೆ ಏಕೆ ಸಾಲದು ಎಂಬುದಕ್ಕೆ ಆದೇಶದಲ್ಲೇ ಉತ್ತರವಿರಬೇಕು: ಕೃತ್ಯದ ಗಂಭೀರತೆ, ಸೇವೆಯ ವರ್ಷಗಳು, ಹಿಂದಿನ ದಾಖಲೆ, ಅದೇ ತಪ್ಪಿಗೆ ಬೇರೆಯವರಿಗೆ ಕೊಟ್ಟ ಶಿಕ್ಷೆ. ರಾತ್ರಿ ಪಾಳಿಯಲ್ಲಿ ಹಲವರು ನಿದ್ದೆ ಮಾಡಿದ್ದು, ಇಬ್ಬರನ್ನು ಮಾತ್ರ ಮನೆಗೆ ಕಳುಹಿಸಿದ ಕಲರ್ ಕೆಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಒಪ್ಪಲಿಲ್ಲ.

ಆದೇಶಕ್ಕೆ ಸಹಿ ಬೀಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಸಂಸ್ಥೆಯಲ್ಲಿ ಯಾವುದಾದರೂ ಕೈಗಾರಿಕಾ ವಿವಾದ ಸಂಧಾನಾಧಿಕಾರಿ ಅಥವಾ ನ್ಯಾಯಮಂಡಳಿಯ ಮುಂದಿದೆಯೇ? ವೇತನ ಹೆಚ್ಚಳದ ಬೇಡಿಕೆಯಾದರೂ ಆದೀತು. ಇದ್ದರೆ ಸೆಕ್ಷನ್ 90 ಅನ್ವಯವಾಗುತ್ತದೆ. ದುರ್ನಡತೆ ಆ ವಿವಾದಕ್ಕೆ ಸಂಬಂಧಿಸಿದ್ದರೆ, ವಿವಾದ ಯಾರ ಮುಂದಿದೆಯೋ ಅವರ ಮುಂಚಿತ ಲಿಖಿತ ಅನುಮತಿ ಬೇಕು. ಸಂಬಂಧವಿಲ್ಲದಿದ್ದರೆ ವಜಾ ಆದೇಶ, ಒಂದು ತಿಂಗಳ ವೇತನ ಪಾವತಿ, ಅನುಮೋದನೆಗೆ ಅರ್ಜಿ ಈ ಮೂರೂ ಒಂದೇ ಕ್ರಿಯೆಯಂತೆ, ಸಾಧ್ಯವಾದಷ್ಟು ಒಂದೇ ದಿನ ಆಗಬೇಕು. ಕಾರ್ಮಿಕ ಸಂಘದ ಸಂರಕ್ಷಿತ ಕಾರ್ಮಿಕನಾಗಿದ್ದರೆ (ಹಾಗೆಂದು ಮಾನ್ಯತೆ ಪಡೆದ ಸಂಘದ ಪದಾಧಿಕಾರಿಯಾಗಿದ್ದರೆ) ಅನುಮತಿಯಿಲ್ಲದೆ ಕೈ ಹಾಕಬೇಡಿ. ಅನುಮೋದನೆ ಸಿಗದಿದ್ದರೆ ವಜಾ ಮೊದಲಿನಿಂದಲೇ ಇಲ್ಲದಂತೆ ಎಂದು 1947ರ ಕಾಯ್ದೆಯ ಹಳೆಯ 33ನೇ ಸೆಕ್ಷನ್ ಕುರಿತು 2002ರಲ್ಲಿ ತೀರ್ಪಾಗಿದೆ.

ಬಾಕಿ ವೇತನವನ್ನು ವಜಾ ಆದ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ವೇತನ ಸಂಹಿತೆಯ ಸೆಕ್ಷನ್ 17 ಇದನ್ನು ಹೇಳುತ್ತದೆ. ಗ್ರ್ಯಾಚುಟಿ ವಜಾ ಆದಕೂಡಲೇ ಹೋಗುವುದಿಲ್ಲ. ಸಂಸ್ಥೆಗೆ ನಷ್ಟವಾಗಿದ್ದರೆ ಆ ನಷ್ಟದಷ್ಟು ಮಾತ್ರ, ಹಿಂಸಾಚಾರ ಅಥವಾ ನೈತಿಕ ಅಧಃಪತನದ ಕೃತ್ಯವಿದ್ದರೆ ಪೂರ್ತಿ ಅಥವಾ ಭಾಗಶಃ ಮುಟ್ಟುಗೋಲು ಹಾಕಬಹುದು. ಅದಕ್ಕೂ ಪ್ರತ್ಯೇಕ ನೋಟಿಸ್, ಪ್ರತ್ಯೇಕ ಆದೇಶ ಬೇಕು.

## ಹೇಳದೆ ಕೇಳದೆ ಗೈರಾದವರ ವಿಷಯ

ಅತಿ ಹೆಚ್ಚು ಫೈಲುಗಳು ಹಾಳಾಗುವುದು ಇಲ್ಲಿ. ಹತ್ತು ದಿನ ಬಾರದಿದ್ದರೆ ತಾನಾಗಿ ಕೆಲಸ ಬಿಟ್ಟಂತೆ ಎಂದು ನಿಯಮದಲ್ಲಿದೆ, ಆದ್ದರಿಂದ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದೆವು ಎನ್ನುತ್ತಾರೆ. ಅಂಥ ನಿಯಮವಿದ್ದರೂ ಅಹವಾಲು ಕೇಳದೆ ತೆಗೆಯುವಂತಿಲ್ಲ ಎಂದು ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಮೂರು ದಶಕ ದಾಟಿದೆ; ವರ್ಷ 1993.

ನಾಲ್ಕನೇ ದಿನ ಕೆಲಸಕ್ಕೆ ಬನ್ನಿ ಎಂದು ಮೊದಲ ಪತ್ರ, ಹತ್ತು ದಿನ ದಾಟಿದರೆ ಎರಡನೆಯದು, ಮತ್ತೊಂದು ವಾರಕ್ಕೆ ಆರೋಪಪಟ್ಟಿ. ನಂತರ ಮೇಲಿನ ಹಂತಗಳೇ. ನಡುವೆ ನೌಕರ ಗೇಟಿಗೆ ಬಂದು ನಿಂತರೆ ಒಳಗೆ ಬಿಡಬೇಡಿ ಎಂದು ಸೆಕ್ಯುರಿಟಿಗೆ ಹೇಳಿದವರು ಮುಂದೆ 'ಅವನೇ ಕೆಲಸ ಬಿಟ್ಟ' ಎಂದು ವಾದಿಸಲಾಗದು. ಕೆಲಸಕ್ಕೆ ಸೇರಿಸಿಕೊಳ್ಳಿ, ಗೈರಿನ ಬಗ್ಗೆ ಕ್ರಮ ಮುಂದುವರಿಸಿ.

## ಅಪಾಯದ ಗುರುತುಗಳು

ಈ ಕೆಳಗಿನ ಯಾವುದಾದರೂ ಕಂಡರೆ ಅಲ್ಲೇ ನಿಂತು, ಒಂದು ಹಂತ ಹಿಂದೆ ಹೋಗಿ ಸರಿಪಡಿಸಿ. ಆದೇಶಕ್ಕೆ ಮುಂಚೆ ಸರಿಪಡಿಸಲು ಖರ್ಚಿಲ್ಲ.

- ಮಾಲೀಕರ ಇಮೇಲ್ ಅಥವಾ ವಾಟ್ಸ್ಆ್ಯಪಿನಲ್ಲಿ 'ಇವನನ್ನು ತೆಗೆದುಹಾಕಿ, ಪೇಪರ್ ರೆಡಿ ಮಾಡಿ' ಎಂಬ ಮಾತಿದೆ.
- ನೌಕರ ಬೋನಸ್ ಕೇಳಿದ, ಸಂಘ ಸೇರಿದ, ಅಥವಾ ಲೇಬರ್ ಆಫೀಸಿಗೆ ದೂರು ಕೊಟ್ಟ ವಾರದಲ್ಲೇ ಹಳೆಯ ತಪ್ಪಿಗೆ ಆರೋಪಪಟ್ಟಿ ಹೊರಟಿದೆ.
- ಘಟನೆಗೂ ಆರೋಪಪಟ್ಟಿಗೂ ತಿಂಗಳುಗಳ ಅಂತರವಿದ್ದು, ಕಾರಣ ಎಲ್ಲೂ ಬರೆದಿಲ್ಲ.
- ಎಲ್ಲ ಸಾಕ್ಷಿಗಳೂ ಮ್ಯಾನೇಜರುಗಳೇ, ಜೊತೆಗೆ ಕೆಲಸ ಮಾಡಿದವರು ಒಬ್ಬರೂ ಇಲ್ಲ.
- ವಿಚಾರಣಾಧಿಕಾರಿಯ ವರದಿಯ ವಾಕ್ಯಗಳೂ ಆರೋಪಪಟ್ಟಿಯ ವಾಕ್ಯಗಳೂ ಒಂದೇ.
- ಗರ್ಭಿಣಿ ಅಥವಾ ಹೆರಿಗೆ ರಜೆಯಲ್ಲಿರುವ ನೌಕರಳ ವಿರುದ್ಧ ಕ್ರಮ ಶುರುವಾಗಿದೆ. ಆ ಗೈರಿನ ಅವಧಿಯಲ್ಲಿ ಅಥವಾ ಆ ಕಾರಣಕ್ಕೆ ವಜಾ ಮಾಡುವುದು ಕಾನೂನುಬಾಹಿರ.

## ಆದೇಶ ಹೊರಟ ನಂತರ ಉಳಿಯುವ ಕೆಲಸ

ಪ್ರಕರಣ ಸಂಧಾನಾಧಿಕಾರಿಯ ಬಳಿಗೆ, ಅಲ್ಲಿಂದ ನ್ಯಾಯಮಂಡಳಿಗೆ ಹೋಗಬಹುದು. ಸಂಹಿತೆಯಂತೆ ವಿವಾದ ಹುಟ್ಟಿದ ಎರಡು ವರ್ಷಗಳ ನಂತರ ಸಂಧಾನ ನಡೆಯುವುದಿಲ್ಲ. ಅಂದರೆ ಎರಡು ವರ್ಷ ತುಂಬುವ ಹೊತ್ತಿಗೂ ನೋಟಿಸ್ ಬರಬಹುದು, ಆ ವೇಳೆಗೆ ಸಾಕ್ಷಿ ಹೇಳಿದ ಮೇಲ್ವಿಚಾರಕ ಬೇರೆ ಕಂಪನಿಗೆ ಹೋಗಿರುತ್ತಾನೆ. ಅವರ ಖಾಯಂ ವಿಳಾಸ, ಫೋನ್ ಸಂಖ್ಯೆಗಳನ್ನು ಫೈಲಿಗೆ ಸೇರಿಸಿಡಿ. ಮೂಲ ದಾಖಲೆಗಳು, ಸಿಸಿಟಿವಿ ಫೈಲಿನ ಎರಡು ಪ್ರತಿ, ಮುಚ್ಚಿದ ಲಕೋಟೆಗಳು, ರವಾನೆ ಪುಸ್ತಕ ಒಂದೇ ಕಡೆ ಇರಲಿ, ಪುಟಸಂಖ್ಯೆ ಹಾಕಿರಲಿ.

ನ್ಯಾಯಮಂಡಳಿಗೆ ಸಲ್ಲಿಸುವ ನಿಮ್ಮ ಕಡೆಯ ಉತ್ತರದ ಹೇಳಿಕೆಯನ್ನು ವಕೀಲರು ಸಿದ್ಧಪಡಿಸುವಾಗ ಒಂದು ಪ್ಯಾರಾ ಇದೆಯೇ ಎಂದು ನೀವೇ ಓದಿ ನೋಡಿ: ಆಂತರಿಕ ವಿಚಾರಣೆ ದೋಷಪೂರಿತ ಎಂದು ಕಂಡುಬಂದರೆ ಆರೋಪವನ್ನು ಇಲ್ಲಿಯೇ ಸಾಕ್ಷ್ಯ ನೀಡಿ ಸಾಬೀತುಪಡಿಸಲು ಅವಕಾಶ ಕೊಡಬೇಕು ಎಂಬ ಕೋರಿಕೆ. ಆ ಹಕ್ಕು ನಿಮಗಿದೆ, ಆದರೆ ಮೊದಲ ಹೇಳಿಕೆಯಲ್ಲೇ ಕೇಳಬೇಕು. ಕೆಎಸ್‌ಆರ್‌ಟಿಸಿ ವಿರುದ್ಧ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ, 2001ರಲ್ಲಿ, ಸಂವಿಧಾನ ಪೀಠ ಇದನ್ನು ನಿಗದಿ ಮಾಡಿತು. ಆ ಪ್ಯಾರಾ ಬಿಟ್ಟುಹೋಗಿ, ವಿಚಾರಣೆಯೂ ಬಿದ್ದುಹೋದರೆ, ಫೈಲಿನಲ್ಲಿರುವ ಸಿಸಿಟಿವಿಯನ್ನು ತೋರಿಸಲೂ ಅವಕಾಶ ಸಿಗದೆ ಹೋಗಬಹುದು.